ಕೊಡಗಿಗೆ ಎಂಥ ಕುಟುಂಬ ಯೋಜನೆ ಬೇಕು?

ಕೊಡಗಿನಲ್ಲಿ ಕುಟುಂಬ ಯೋಜನೆಯ ಮಾತೆತ್ತಿದರೆ ಒಂದಕ್ಕೊಂದು ತೀರ ಎದುರಾದ ಎರಡು ಉತ್ತರಗಳು ಬರುತ್ತವೆ. ಕೊಡವರ ಒಕ್ಕದ, ಅಂದರೆ ಮನೆತನದ, ಮೂಲಮನೆಯಾದ ಐನ್‌ಮನೆಯ ಹಿರಿಯರು, 'ಒಕ್ಕದಲ್ಲಿ ಮಕ್ಕಳೇ ಇಲ್ಲ, ಇನ್ನು ಯೋಜನೆ ಯಾರಿಗೆ?' ಎನ್ನುತ್ತಾರೆ. ತೋಟದ ಉಸ್ತುವಾರಿ ನೋಡುವವರು ಕೂಲಿಯಾಳುಗಳ ಲೈನ್ ಮನೆಗಳತ್ತ ಬೆರಳು ತೋರಿಸಿ, 'ಯೋಜನೆ ಬೇಕಾಗಿರುವುದು ಅವರಿಗೆ' ಎನ್ನುತ್ತಾರೆ. ಇಬ್ಬರೂ ಮಕ್ಕಳ ತಲೆ ಎಣಿಸುತ್ತಿದ್ದಾರೆ. ಒಬ್ಬರಿಗೆ ಎಣಿಕೆ ಸಾಲದು, ಇನ್ನೊಬ್ಬರಿಗೆ ಅದು ಹೆಚ್ಚು. ಹೆರುವವಳಿಗೆ ಏನು ಬೇಕು ಎಂಬ ಪ್ರಶ್ನೆ ಎರಡೂ ಕಡೆ ಇಲ್ಲ. ಎಣಿಕೆಯ ಮಟ್ಟಿಗೆ ಹೇಳುವುದಾದರೆ ಆತಂಕಪಡುವಂಥದ್ದು ಏನೂ ಉಳಿದಿಲ್ಲ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಹತ್ತು ವರ್ಷದಲ್ಲಿ ಏರಿದ್ದು ಶೇ 1ರಷ್ಟು ಮಾತ್ರ, ಅದೇ ಅವಧಿಯಲ್ಲಿ ಇಡೀ ರಾಜ್ಯ ಶೇ 15ಕ್ಕಿಂತ ಹೆಚ್ಚು ಬೆಳೆದಿತ್ತು. ಸಾವಿರ ಗಂಡಸರಿಗೆ 1,019 ಹೆಂಗಸರಿದ್ದ ಜಿಲ್ಲೆ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ತಾನಾಗಿ ಸ್ಥಿರವಾಗಲು ಬೇಕಾದ ಮಟ್ಟಕ್ಕಿಂತಲೂ ಇದು ಕೆಳಗೆ. ಹಾಗಿದ್ದರೆ ಕುಟುಂಬ ಯೋಜನೆಯ ಸಂಸ್ಥೆಗಳಿಗೆ ಇಲ್ಲಿ ಇನ್ನೇನು ಕೆಲಸ? ನನ್ನ ಉತ್ತರ ಇಷ್ಟು: ಕೆಲಸ ಬೇಕಾದಷ್ಟಿದೆ, ಆದರೆ ಅದು ಆಪರೇಷನ್ ಲೆಕ್ಕ ಹಿಡಿಯುವ ಕೆಲಸವಾಗಿ ಉಳಿಯಬಾರದು. ಮುಂದೂಡುವ, ಅಂತರ ಇಡುವ, ಬೇಕಾದಾಗ ಗರ್ಭ ಧರಿಸುವ, ಬೇಡವೆಂದಾಗ ಬೇಡವೆನ್ನುವ ಅನುಕೂಲ ಹೆಣ್ಣಿಗೆ ಎಷ್ಟು ದೊರಕಿದೆ ಎಂಬುದರಿಂದ ಒಂದು ಆಸ್ಪತ್ರೆಯನ್ನಾಗಲಿ ಸಂಘಟನೆಯನ್ನಾಗಲಿ ಅಳೆಯಬೇಕು.

ಈ ಕೆಲಸ ಶುರುವಾದದ್ದು ನಮ್ಮ ನೆಲದಲ್ಲೇ, ಅದೂ ಎಣಿಕೆಯ ಗೀಳು ಹತ್ತುವುದಕ್ಕೆ ಮೊದಲು. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಎಂದು ಹೇಳುತ್ತಾರೆ. ಆಗ ಬೇರೆಯೇ ಆಡಳಿತದಲ್ಲಿದ್ದ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಧನ್ವಂತಿ ರಾಮರಾವ್ 1949ರಲ್ಲಿ ಮುಂಬೈಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದರು. ಬೆಂಗಳೂರು, ಧಾರವಾಡ, ಬೀದರ್‌ಗಳಲ್ಲಿ ಶಾಖೆಗಳಿರುವ ಸಂಘ ಇದೇ. ಅಂತರರಾಷ್ಟ್ರೀಯ ಒಕ್ಕೂಟವೂ 1952ರಲ್ಲಿ ಮುಂಬೈಯಲ್ಲೇ ಹುಟ್ಟಿತು. ಬಸಿರು ಬಾಣಂತನಗಳ ಸರಮಾಲೆಯಲ್ಲಿ ಜೀವ ತೇಯುವ ಹೆಂಗಸರನ್ನು ಕಂಡು ಶುರುವಾದ ಈ ಕಾಳಜಿ ಜನಸಂಖ್ಯೆಯ ಭಯದ ಕೈಗೆ ಸಿಕ್ಕಮೇಲೆ ದಾರಿ ಬದಲಿಸಿತು. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಗಂಡಸರು. ಆ ಬಲವಂತಕ್ಕೆ ಸರ್ಕಾರ ಬಿದ್ದುಹೋದ ಮೇಲೆ ಯಾವ ಪಕ್ಷವೂ ಗಂಡಸರ ತಂಟೆಗೆ ಹೋಗಲಿಲ್ಲ, ಹೊರೆಯೆಲ್ಲ ಹೆಂಗಸರ ಮೇಲೆ ಬಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಗುರಿ ನಿಗದಿ ಮಾಡುವ ಪದ್ಧತಿಯನ್ನೇ ಕೈಬಿಟ್ಟಿತು. ಕಾಗದದ ಮೇಲೆ ಗುರಿ ಹೋಯಿತು, ತಿಂಗಳ ಸಭೆಗಳಲ್ಲಿ ಅದು ಇನ್ನೂ ಪೂರ್ತಿ ಹೋಗಿಲ್ಲ.

ತೋಟಗಳ ನಾಡಿನವರು ನೆನಪಿಡಬೇಕಾದ ಇನ್ನೊಂದು ಅಧ್ಯಾಯವಿದೆ. 1971ರಲ್ಲಿ ದಕ್ಷಿಣ ಭಾರತದ ತೋಟಗಾರರ ಸಂಯುಕ್ತ ಸಂಘ 'ಉಪಾಸಿ' ನೀಲಗಿರಿಯ ಮೂರು ಚಹಾ ತೋಟಗಳಲ್ಲಿ ಒಂದು ಪ್ರಯೋಗ ನಡೆಸಿತು. ಹೆಣ್ಣಾಳು ಬಸಿರಾಗದೆ ಉಳಿದ ಪ್ರತಿ ತಿಂಗಳಿಗೂ ಅವಳ ಹೆಸರಿನಲ್ಲಿ 5 ರೂಪಾಯಿ ಜಮಾ, ನಿವೃತ್ತಿಯಾದಾಗ ಗಂಟು ಕೈಗೆ. ಹೆಚ್ಚು ಹೆತ್ತರೆ ಜಮೆಯಾದ ಹಣಕ್ಕೆ ಕತ್ತರಿ. ಪ್ರಪಂಚದ ಜನಸಂಖ್ಯಾ ತಜ್ಞರು ಇದನ್ನು ಮೆಚ್ಚಿ ಬರೆದರು. ಬಲವಂತವಿರಲಿಲ್ಲ, ನಿಜ. ಆದರೆ ಹೆರಿಗೆ ಭತ್ಯೆ, ಶಿಶುವಿಹಾರ, ತಪ್ಪಿದ ಕೂಲಿದಿನಗಳಿಂದ ಮಾಲೀಕನಿಗೆ ತಗಲುವ ಖರ್ಚು ಉಳಿಯುತ್ತದೆ ಎಂಬ ಎಣಿಕೆಯಿಂದಲೇ ಆ ಯೋಜನೆ ಲಾಭದಾಯಕವಾಗಿತ್ತು. ಅವಳ ಗರ್ಭಕೋಶ ತೋಟದ ಖರ್ಚುವೆಚ್ಚದ ಪುಸ್ತಕದಲ್ಲಿ ಒಂದು ಬಾಬತ್ತಾಯಿತು. ಇಂದು ಯಾವುದೇ ಸಂಸ್ಥೆ, ಸಮಾಜ, ಮಠ, ತೋಟ ಮಕ್ಕಳ ವಿಷಯದಲ್ಲಿ ಹಣದ ಆಸೆ ತೋರಿಸಿದಾಗ, ಅದು ಕಡಿಮೆ ಹೆರಿ ಎಂದಿರಲಿ ಹೆಚ್ಚು ಹೆರಿ ಎಂದಿರಲಿ, ಇದರಿಂದ ಯಾರ ಲೆಕ್ಕ ಸರಿಹೋಗುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇವತ್ತಿನ ಚಿತ್ರ ನೋಡೋಣ. ಅದೇ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ 57ರಷ್ಟು ಮಂದಿ ಕೊಳವೆ ಕಟ್ಟಿಸಿಕೊಂಡವರು. ದೇಶದ ಸರಾಸರಿ ಶೇ 38ರ ಹತ್ತಿರ. ಗಂಡಸರ ಶಸ್ತ್ರಚಿಕಿತ್ಸೆಯ ಅಂಕಣದಲ್ಲಿ ನಮ್ಮ ರಾಜ್ಯದ್ದು ಸೊನ್ನೆ, ದಶಾಂಶದ ಮುಂದೆಯೂ ಸೊನ್ನೆ. ಮಾತ್ರೆ, ವಂಕಿ, ನಿರೋಧ್ ಎಲ್ಲ ಸೇರಿದರೂ ಹತ್ತಿಪ್ಪತ್ತರ ಒಳಗೇ. ಅಂದರೆ ಮದುವೆಯಾಗಿ ಒಂದೆರಡು ಮಕ್ಕಳನ್ನು ಬೇಗ ಹೆತ್ತು, ಮೂವತ್ತು ತುಂಬುವ ಮೊದಲೇ ಆಪರೇಷನ್ ಮಾಡಿಸಿಕೊಂಡು ಮುಗಿಸುವುದು ನಮ್ಮಲ್ಲಿ ರೂಢಿ. ಮೊದಲ ಮಗುವನ್ನು ಎರಡು ವರ್ಷ ಮುಂದೂಡುವುದಾಗಲಿ, ಎರಡು ಹೆರಿಗೆಗಳ ನಡುವೆ ಮೂರು ವರ್ಷ ಬಿಡುವುದಾಗಲಿ ಈ ರೂಢಿಯಲ್ಲಿ ಕಾಣುವುದಿಲ್ಲ. ರಾಜ್ಯದ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಒಂದರ ಬೆನ್ನಿಗೇ ಇನ್ನೊಂದು ಬಸಿರು ಬಂದರೆ ಆ ರಕ್ತ ತುಂಬಿಕೊಳ್ಳಲು ಸಮಯವೆಲ್ಲಿ?

ಆಪರೇಷನ್ ಹೊರತು ಬೇರೆ ಏನಿದೆ ಎಂದು ಕೇಳುವವರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಉಪಕೇಂದ್ರದ ಕಪಾಟಿನಲ್ಲಿ ಇರುವುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಪರ್-ಟಿ, ನಮ್ಮ ಮಾತಿನಲ್ಲಿ ವಂಕಿ, ಎರಡು ಬಗೆಯದು: ಐದು ವರ್ಷದ್ದು, ಹತ್ತು ವರ್ಷದ್ದು. ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲೇ ಹಾಕಿಸಿಕೊಂಡು ಮನೆಗೆ ಹೋಗಬಹುದು. ಬೇಡವೆನಿಸಿದ ದಿನ ತೆಗೆಸಬಹುದು, ತೆಗೆಸಿದ ಮೇಲೆ ಗರ್ಭ ನಿಲ್ಲಲು ಅಡ್ಡಿಯಿಲ್ಲ. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಹೆಚ್ಚಬಹುದು, ಆದ್ದರಿಂದ ರಕ್ತ ತೀರ ಕಡಿಮೆಯಿದ್ದವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಲಿ. 'ಅಂತರಾ' ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು, ಹಾಲುಣಿಸುವ ತಾಯಿಗೆ ಹೆರಿಗೆಯಾಗಿ ಆರು ವಾರದ ನಂತರ ಕೊಡುತ್ತಾರೆ. ಇದರಿಂದ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಅದರಿಂದ ಕೆಟ್ಟ ರಕ್ತ ಒಳಗೇ ಉಳಿಯುವುದಿಲ್ಲ, ಆದರೆ ಮೊದಲೇ ಹೇಳದಿದ್ದರೆ ಹೆದರಿ ಎರಡನೇ ಚುಚ್ಚುಮದ್ದಿಗೆ ಯಾರೂ ಬರುವುದಿಲ್ಲ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಏಳೆಂಟು ತಿಂಗಳು, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಮುಂದಿನ ವರ್ಷವೇ ಮಗು ಬೇಕೆನ್ನುವವರಿಗೆ ಇದು ಸರಿಯಾದ ಆಯ್ಕೆಯಲ್ಲ.

'ಛಾಯಾ' ಹಾರ್ಮೋನಿಲ್ಲದ ಮಾತ್ರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು. ಮುಟ್ಟಾದ ಮೊದಲ ದಿನ ಭಾನುವಾರವಾದರೆ, ಮೂರು ತಿಂಗಳು ಪ್ರತಿ ಭಾನುವಾರ ಮತ್ತು ಬುಧವಾರ ಒಂದೊಂದು, ಅಲ್ಲಿಂದ ಮುಂದೆ ಭಾನುವಾರ ಮಾತ್ರ. ಸಂತೆಯ ದಿನಕ್ಕೆ ಹೊಂದಿಸಿಕೊಂಡರೆ ಕ್ಯಾಲೆಂಡರೂ ಬೇಡ. 'ಮಾಲಾ-ಎನ್' ದಿನವೂ ನುಂಗಬೇಕಾದ ಹಾರ್ಮೋನ್ ಮಾತ್ರೆ, ಹಾಲುಣಿಸುವವರಿಗೆ ಮೊದಲ ಆರು ತಿಂಗಳು ಸಲ್ಲದು. ಬಿಪಿ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ನುಂಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಆದರೆ ತಿಂಗಳ ಅಭ್ಯಾಸವಾಗಬಾರದು. ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಾತ್ರೆ, ನಿರೋಧ್‌ಗಳನ್ನು ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುತ್ತಾರೆ. ಬುಡಕಟ್ಟಿನವರ ಹಾಡಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕುಡಗೋಲು ಕಣ ರಕ್ತಹೀನತೆ ಬುಡಕಟ್ಟು ಸಮುದಾಯಗಳಲ್ಲಿ ಹೆಚ್ಚೆಂದೇ 2023ರ ಜುಲೈನಲ್ಲಿ ಅದರ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಈ ಕಾಯಿಲೆಯಿದ್ದವರಿಗೆ ಅಂತರಾ ಸಾಮಾನ್ಯವಾಗಿ ಒಗ್ಗುತ್ತದೆ, ಮಾಲಾ-ಎನ್ ಬಗ್ಗೆ ವೈದ್ಯರ ಮಾತು ಕೇಳಿಯೇ ಮುಂದುವರಿಯಬೇಕು. ಮದುವೆಗೆ ಮೊದಲು ಇಲ್ಲವೇ ಬಸಿರಿಗೆ ಮೊದಲು ಇಬ್ಬರ ರಕ್ತವನ್ನೂ ಪರೀಕ್ಷಿಸಿದರೆ ಮುಂದಿನ ತೀರ್ಮಾನ ಅವರ ಕೈಯಲ್ಲಿರುತ್ತದೆ.

ಇಷ್ಟು ಕೇಳಿದ ಮೇಲೆ ಅನುಭವಸ್ಥ ವೈದ್ಯರೂ ದಾದಿಯರೂ ಒಂದು ಆಕ್ಷೇಪ ಎತ್ತುತ್ತಾರೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಇಳಿಯುವ ಹೆಣ್ಣಾಳು ಮಾತ್ರೆಯ ದಿನ ನೆನಪಿಡುತ್ತಾಳೆಯೇ, ಕೊಯ್ಲು ಮುಗಿದೊಡನೆ ಊರು ಬಿಡುವವಳಿಗೆ ಮುಂದಿನ ಚುಚ್ಚುಮದ್ದು ಯಾರು ಕೊಡುತ್ತಾರೆ, ಒಮ್ಮೆ ಆಪರೇಷನ್ ಆದರೆ ಅವಳಿಗೂ ನೆಮ್ಮದಿ ಅಲ್ಲವೇ ಎಂದು. ಬೇಕೆಂದು ಕೇಳಿಬರುವವಳಿಗೆ ಆಪರೇಷನ್ ಖಂಡಿತ ನೆಮ್ಮದಿಯೇ, ಅದನ್ನು ಬೇಡವೆನ್ನುವ ಮಾತಿಲ್ಲ. ತೊಂದರೆ ಬರುವುದು ಅದೊಂದೇ ಬಾಗಿಲು ತೆರೆದಿದ್ದಾಗ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಒಬ್ಬನೇ ವೈದ್ಯ ಕೆಲವೇ ಗಂಟೆಗಳಲ್ಲಿ ಎಂಬತ್ತಕ್ಕೂ ಹೆಚ್ಚು ಹೆಂಗಸರ ಹೊಟ್ಟೆ ಕೊಯ್ದ, ಹನ್ನೆರಡಕ್ಕಿಂತ ಹೆಚ್ಚು ಮಂದಿ ಸತ್ತರು. ಆರೋಗ್ಯ ಹಕ್ಕುಗಳ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ, ಹಿಂಬಾಗಿಲಿನಿಂದ ಗುರಿ ಹೇರಬೇಡಿ ಎಂದಿತು. ಇನ್ನು ನೆನಪಿನ ಪ್ರಶ್ನೆ. ತೋಟದ ಕೂಲಿಲೆಕ್ಕ, ಸಂಘದ ಸಾಲದ ಕಂತು, ಬಟವಾಡೆಯ ದಿನ ಯಾವುದನ್ನೂ ಮರೆಯದವಳು ವಾರಕ್ಕೊಂದು ಮಾತ್ರೆಯನ್ನು ಮಾತ್ರ ಮರೆಯುತ್ತಾಳೆ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ನಿಜವಾದ ಅಡ್ಡಿ ದೂರ, ಮಳೆ ಮತ್ತು ಭಾಷೆ. ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೊಂದು ಉಪಕೇಂದ್ರ, ಇಪ್ಪತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ, ಆದರೆ ಗುಡ್ಡಗಾಡಿನಲ್ಲಿ ಜನಸಂಖ್ಯೆಗಿಂತ ಬಸ್ಸಿನ ಹೊತ್ತು ಮುಖ್ಯ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಡಿಕೇರಿ ಸುತ್ತಲಿನ ಎಷ್ಟೋ ಊರುಗಳಿಗೆ ದಾರಿಯೇ ಇರಲಿಲ್ಲ. ಜೂನ್ ಬರುವ ಮೊದಲು ಮೂರು ತಿಂಗಳ ಮಾತ್ರೆ ತೆಗೆದಿಟ್ಟುಕೊಳ್ಳುವುದು ಕೊಡಗಿನವರು ಅಕ್ಕಿ, ಸೌದೆ ಕೂಡಿಡುವಷ್ಟೇ ಸಹಜವಾಗಬೇಕು. ಅಂತರಾ ತೆಗೆದುಕೊಳ್ಳುವವರು ಗಮನಿಸಿ: ನಿಗದಿಯ ದಿನಕ್ಕಿಂತ ಎರಡು ವಾರ ಮೊದಲೂ ಚುಚ್ಚಿಸಿಕೊಳ್ಳಬಹುದು, ನಾಲ್ಕು ವಾರ ತಡವಾದರೂ ಸಾಗುತ್ತದೆ. ಮಳೆಯ ಮುನ್ಸೂಚನೆ ನೋಡಿ ಮೊದಲೇ ಹೋಗಿಬರಲು ಇಷ್ಟು ಸಡಿಲ ಸಾಕು. ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಬಂದವರು ಅಂತರಾ ಕಾರ್ಡನ್ನೋ ವಂಕಿ ಕಾರ್ಡನ್ನೋ ಆಧಾರ್ ಜೊತೆಗೇ ಇಟ್ಟುಕೊಂಡರೆ ಊರಿನ ಆಸ್ಪತ್ರೆಯಲ್ಲಿ ಮುಂದುವರಿಸಬಹುದು. ಬಸಿರು ಬಾಣಂತನದ ವಿವರ ಬರೆಯುವ ತಾಯಿ ಕಾರ್ಡ್ ವಿಷಯವೂ ಹಾಗೆಯೇ.

ಎರಡನೆಯ ಆಕ್ಷೇಪ ಐನ್‌ಮನೆಯದು. ಸಣ್ಣ ಸಮುದಾಯ, ಮಕ್ಕಳು ಬೆಂಗಳೂರು ಸೇರಿದ್ದಾರೆ, ಮದುವೆ ತಡ, ಒಂದೇ ಮಗುವಿಗೆ ಸಾಕು, ಹೀಗಾದರೆ ಒಕ್ಕದ ಹೆಸರು ಹೇಳುವವರಾರು ಎಂಬ ಅಳಲು ಸುಳ್ಳಲ್ಲ. ಆದರೆ ಆ ಅಳಲಿನ ಮದ್ದು ಕುಟುಂಬ ಯೋಜನೆಯ ವಿರೋಧದಲ್ಲಿಲ್ಲ. ಮೂರನೆಯ ಮಗು ಬೇಡವೆನ್ನುವ ದಂಪತಿ ಮಾತ್ರೆ ಸಿಕ್ಕಿತೆಂದು ಬೇಡವೆನ್ನುತ್ತಿಲ್ಲ. ಶಾಲೆಯ ಶುಲ್ಕ, ಕಾಫಿ ಬೆಲೆ, ಹೆಂಡತಿಯ ನೌಕರಿ, ಮಗು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದಿರುವುದು ಅವರ ಕಾರಣಗಳು. ಇನ್ನೊಂದು ಕಡೆ ಮಗು ಬೇಕೆಂದು ಹಂಬಲಿಸಿ ಆಗದೆ ನೋಯುವವರಿದ್ದಾರೆ. ಪಿಸಿಓಎಸ್, ಥೈರಾಯ್ಡ್, ಗುಣವಾಗದೆ ಉಳಿದ ಕಿಬ್ಬೊಟ್ಟೆಯ ಸೋಂಕು, ಗಂಡನ ವೀರ್ಯದ ದೋಷ ಇವನ್ನೆಲ್ಲ ಬೇಗ ಗುರುತಿಸುವುದೂ ಸಂತಾನ ಆರೋಗ್ಯ ಸಂಸ್ಥೆಯದೇ ಕೆಲಸ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಪರೀಕ್ಷೆಗೆ ಹೋಗಬೇಕು. ಇಬ್ಬರೂ, ಎಂದು ಒತ್ತಿ ಹೇಳುವುದೇಕೆಂದರೆ ಮೊದಲ ಹಂತದ ವೀರ್ಯಪರೀಕ್ಷೆ ಅಗ್ಗದ್ದು, ಆದರೂ ಹೆಂಡತಿಯ ಹತ್ತು ಸ್ಕ್ಯಾನ್ ಮುಗಿದ ಮೇಲೇ ಗಂಡ ಅದಕ್ಕೆ ಒಪ್ಪುವುದು. ಪ್ರನಾಳ ಶಿಶುವಿನ ಕೇಂದ್ರಗಳು 2021ರ ಕಾನೂನಿನಡಿ ನೋಂದಣಿಯಾಗಿರಬೇಕು. ಹಣ ಕಟ್ಟುವ ಮೊದಲು ನೋಂದಣಿ ಪತ್ರ ಕೇಳಿ. ಸಮುದಾಯ ಉಳಿಸುವ ಹೆಸರಿನಲ್ಲಿ ಹೆಣ್ಣಿನ ಆಯ್ಕೆ ಕಿತ್ತುಕೊಂಡದ್ದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಅಳಿವಿನಂಚಿನ ಬುಡಕಟ್ಟುಗಳ ಸಂಖ್ಯೆ ಕಾಯಬೇಕೆಂದು ಮಧ್ಯಪ್ರದೇಶ ಸರ್ಕಾರ 1979ರಲ್ಲಿ ಅವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಾರದೆಂದು ಆದೇಶಿಸಿತು. ಅವುಗಳಲ್ಲೊಂದಾದ ಬೈಗಾ ಬುಡಕಟ್ಟಿನ ಹೆಂಗಸರು ಬೇಡವೆಂದರೂ ಹೆರುತ್ತ ಹೋಗಬೇಕಾಯಿತು. ಅದನ್ನು ರದ್ದು ಮಾಡಿಸಲು ಅವರು ಹೈಕೋರ್ಟಿಗೆ ಹೋಗಬೇಕಾಯಿತು.

ಗರ್ಭಪಾತದ ವಿಷಯಕ್ಕೆ ಬಂದರೆ ಕಾನೂನಿಗಿಂತ ಗುಸುಗುಸು ಹೆಚ್ಚು. 1971ರ ಕಾಯ್ದೆ 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ, ಕಾನೂನು ಹೇಳಿದ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರ ಅಭಿಪ್ರಾಯ ಸಾಕು. ಮದುವೆಯಾಗದವಳಿಗೂ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಸ್ಪಷ್ಟಪಡಿಸಿತು. ಹದಿನೆಂಟು ತುಂಬಿದ್ದರೆ ಅವಳೊಬ್ಬಳ ಸಹಿ ಸಾಕು. ಗಂಡನದೂ ಬೇಡ, ಅತ್ತೆಯದೂ ಬೇಡ. ಅವಳ ಹೆಸರು ಬಯಲು ಮಾಡುವುದು ಅಪರಾಧ. ಹಾಗಿದ್ದೂ ಸಣ್ಣ ಊರಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತದ್ದೇ ಸುದ್ದಿಯಾಗುತ್ತದೆ, ಅದಕ್ಕೇ ಎಷ್ಟೋ ಜನ ಮೆಡಿಕಲ್ ಶಾಪಿನ ಮಾತ್ರೆಗೆ ಮೊರೆಹೋಗುವುದು. ಆ ಮಾತ್ರೆಗಳು ಒಂಬತ್ತು ವಾರದವರೆಗೆ, ವೈದ್ಯರ ಚೀಟಿಯ ಮೇಲೆ ಮಾತ್ರ. ಗರ್ಭ ಕೊಳವೆಯಲ್ಲಿ ನಿಂತಿದ್ದರೆ ಅವು ಕೆಲಸ ಮಾಡುವುದಿಲ್ಲ, ಗೊತ್ತಾಗದೆ ಉಳಿದರೆ ಜೀವಕ್ಕೇ ಸಂಚಕಾರ. ಗಂಟೆಗೆ ಎರಡು ದಪ್ಪ ಪ್ಯಾಡ್ ನೆನೆಯುವಷ್ಟು ರಕ್ತ ಎರಡು ಗಂಟೆ ಹೋದರೆ, ಜ್ವರವೋ ತಡೆಯಲಾರದ ನೋವೋ ಬಂದರೆ, ನಾಚಿಕೆ ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು. ಇಂಥ ಸೌಲಭ್ಯ ಸಿಕ್ಕರೆ ಹುಡುಗಿಯರು ಹಾದಿ ತಪ್ಪುತ್ತಾರೆ ಎನ್ನುವವರಿಗೆ ಒಂದೇ ಮಾತು: ಸೌಲಭ್ಯ ಇಲ್ಲದಿದ್ದಾಗ ಯಾರೂ ಬಸಿರಾಗದೆ ಉಳಿದಿಲ್ಲ, ಸತ್ತವರು ಮಾತ್ರ ಹೆಚ್ಚಿದ್ದರು.

ಆಪರೇಷನ್ನೇ ಬೇಕೆಂದು ತೀರ್ಮಾನಿಸಿದವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಮಾಡಿಸಿಕೊಳ್ಳುವವರ ಸಹಿ ಮಾತ್ರ ಬೇಕು, ಸಂಗಾತಿಯ ಒಪ್ಪಿಗೆ ಕಡ್ಡಾಯವಲ್ಲ. ಮಾಡಿಸಿಕೊಂಡ ಮೇಲೆ ಪ್ರಮಾಣಪತ್ರ ಪಡೆಯಲೇಬೇಕು. ಹೆಂಗಸರಿಗೆ ಸುಮಾರು ಒಂದು ತಿಂಗಳಿಗೆ, ಗಂಡಸರಿಗೆ ಮೂರು ತಿಂಗಳ ನಂತರ ವೀರ್ಯಪರೀಕ್ಷೆ ಮಾಡಿ ಕೊಡುತ್ತಾರೆ. ಮುಂದೆ ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಆಸ್ಪತ್ರೆಗೆ ತಿಳಿಸಬೇಕು. ವಿಫಲವಾದರೆ, ತೊಡಕಾದರೆ ಸರ್ಕಾರದಿಂದ ಪರಿಹಾರವುಂಟು, ಅರ್ಜಿಗೆ 90 ದಿನದ ಗಡುವು, ಆ ಪ್ರಮಾಣಪತ್ರವಿಲ್ಲದೆ ಅದು ಮುಂದೆ ಹೋಗದು. ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುವ ದೊಡ್ಡ ತೋಟಗಳಲ್ಲಿ ಹೆಣ್ಣಾಳಿಗೆ ಈ ಆಪರೇಷನ್ನಿಗೆ ಎರಡು ವಾರ, ಗರ್ಭಪಾತವಾದರೆ ಆರು ವಾರ ಸಂಬಳಸಹಿತ ರಜೆ ಇದೆ. ಎಷ್ಟು ಮೇಸ್ತ್ರಿಗಳು ಇದನ್ನು ಹೇಳುತ್ತಾರೋ! ನಾಲ್ಕಾರು ಆಳುಗಳ ಸಣ್ಣ ಹಿಡುವಳಿಗಳಿಗೆ ಆ ಕಾನೂನು ತಲುಪುವುದಿಲ್ಲ. ಅಲ್ಲಿ ಸಂಘಟನೆಗಳು ಮಾಲೀಕರೊಡನೆ ಮಾತಾಡಿಯೇ ದಾರಿ ಮಾಡಿಕೊಡಬೇಕು.

ಗಂಡಸರ ಆಪರೇಷನ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೆಣಸು ಕೊಯ್ಯಲು ಏಣಿ ಹತ್ತುವವನು, ಮೂಟೆ ಹೊರುವವನು ಶಕ್ತಿ ಹೋಗುತ್ತದೆ ಎಂದು ಹೆದರುತ್ತಾನೆ, ಹೆಂಡತಿಯೂ ಅವನ ಪರವಾಗಿ ಹೆದರಿ 'ನನಗೇ ಮಾಡಿ' ಎನ್ನುತ್ತಾಳೆ. ಹೊಲಿಗೆಯಿಲ್ಲದ ಈಗಿನ ವಿಧಾನದಲ್ಲಿ ಚರ್ಮದಲ್ಲಿ ಒಂದು ಸಣ್ಣ ರಂಧ್ರ, ಹತ್ತು ಹದಿನೈದು ನಿಮಿಷ, ಅದೇ ದಿನ ಮನೆಗೆ. ಎರಡು ದಿನಕ್ಕೆ ಹಗುರ ಕೆಲಸ, ವಾರಕ್ಕೆ ಏಣಿ. ಗಂಡಸ್ತನದ ಹಾರ್ಮೋನಿಗೆ, ಬಲಕ್ಕೆ, ಸುಖಕ್ಕೆ ಯಾವ ಕುಂದೂ ಇಲ್ಲ. ಮೊದಲ ಮೂರು ತಿಂಗಳು ಮಾತ್ರ ನಿರೋಧ್ ಬೇಕು. ಹೆಣ್ಣಿನ ಹೊಟ್ಟೆ ಕೊಯ್ಯುವುದಕ್ಕೆ ಹೋಲಿಸಿದರೆ ಅಪಾಯ ಬಹಳ ಕಡಿಮೆ. ಆದರೂ ರಾಜ್ಯದ ಅಂಕಣದಲ್ಲಿ ಸೊನ್ನೆ ಎಂದರೆ, ಅದನ್ನು ಆಶಾ ಕಾರ್ಯಕರ್ತೆಯ ಅಸಾಮರ್ಥ್ಯ ಎನ್ನುವುದು ಅನ್ಯಾಯ. ಗಂಡಸರ ಜೊತೆ ಕುಳಿತು ಈ ಮಾತಾಡಲು ಗಂಡು ಕಾರ್ಯಕರ್ತರನ್ನು ನಾವು ಇಟ್ಟೇ ಇಲ್ಲ.

ಇದೆಲ್ಲ ಸರ್ಕಾರವೇ ಕೊಡುತ್ತಿರುವಾಗ ಸಂಘಸಂಸ್ಥೆಗಳೇಕೆ ಎಂದು ಕೇಳಬಹುದು. ಮಡಿಕೇರಿಯ ವೈದ್ಯಕೀಯ ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದ ಆಸ್ಪತ್ರೆಗಳು ಮಾಡುವ ಕೆಲಸವನ್ನೇ ಇನ್ನೊಮ್ಮೆ ಮಾಡಲು ಬೇಡ. ನಾಗರಹೊಳೆಯ ಆಚೆ ಬದಿಯಲ್ಲಿ, 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತ ಜೇನುಕುರುಬರ ಹಾಡಿಗಳೊಂದಿಗೆ ದಶಕಗಳಿಂದ ಬಾಳುತ್ತಿದೆ. ವರ್ಗಾವಣೆಯಾಗದೆ ಒಂದೇ ಕಡೆ ನಿಲ್ಲುವುದು, ಹಾಡಿಯ ಹುಡುಗಿಯರನ್ನೇ ಕಾರ್ಯಕರ್ತೆಯರನ್ನಾಗಿ ಬೆಳೆಸುವುದು ಇಂಥ ಸಂಸ್ಥೆಗಳಿಗೆ ಸಾಧ್ಯ, ಇಲಾಖೆಗೆ ಕಷ್ಟ. ಆದ್ದರಿಂದ ನಿಮ್ಮೂರಿಗೆ ಬಂದ ಸಂಸ್ಥೆಯನ್ನು ಕೇಳಿ: ನಿಮ್ಮಲ್ಲಿ ಎಷ್ಟು ಬಗೆಯ ಸಾಧನಗಳಿವೆ, ವಂಕಿ ಹಾಕುವವರು ತೆಗೆಯಲೂ ಸಿದ್ಧರೇ, ಬಟವಾಡೆಯ ದಿನ ಸಂಜೆ ತೆರೆದಿರುತ್ತೀರಾ, ಯರವ ಭಾಷೆ ಅಥವಾ ಬಂಗಾಳಿ ಬಲ್ಲವರು ಇದ್ದಾರೆಯೇ, ಪರದೆಯ ಹಿಂದೆ ಮಾತಾಡಲು ಜಾಗವಿದೆಯೇ, ಆಪರೇಷನ್ ಮಾಡಿಸಿದರೆ ನಿಮ್ಮ ಕಾರ್ಯಕರ್ತರಿಗೆ ಕಮಿಷನ್ ಉಂಟೇ.

ಹೆರುವ ವಯಸ್ಸು ದಾಟಿದವರನ್ನು ಮರೆಯುವುದು ಈ ಸಂಸ್ಥೆಗಳ ಹಳೆಯ ಚಾಳಿ, ಅದನ್ನೂ ಕೇಳಬೇಕು. ಗರ್ಭಕೊರಳಿನ ಕ್ಯಾನ್ಸರಿಗೆ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡ ಭಾರತೀಯ ಹೆಂಗಸರು ನೂರಕ್ಕೆ ಇಬ್ಬರೂ ಇಲ್ಲ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲಿದೆ. ವಿನೆಗರಿನಂಥ ದ್ರಾವಣ ಹಚ್ಚಿ ಒಂದು ನಿಮಿಷ ನೋಡುತ್ತಾರೆ, ಬಣ್ಣ ಬದಲಾದರೆ ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ನೋವಿಲ್ಲ, ಖರ್ಚಿಲ್ಲ. ಸಂಭೋಗದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಕಾಣಿಸಿದರೆ ಮುಂದಿನ ಶಿಬಿರಕ್ಕೆ ಕಾಯದೆ ಹೋಗಿ. ಯಾವ ಕೇಂದ್ರದಲ್ಲಿ ಯಾವ ದಿನ ಈ ಪರೀಕ್ಷೆ ಎಂದು ನಿಮ್ಮ ಉಪಕೇಂದ್ರದ ಸಿಸ್ಟರ್‌ಗೆ ಗೊತ್ತಿರುತ್ತದೆ, 104ಕ್ಕೆ ಕರೆ ಮಾಡಿಯೂ ಕೇಳಬಹುದು. ಹೋಗುವಾಗ ಹಳೆಯ ಚೀಟಿಗಳಿದ್ದರೆ ತೆಗೆದುಕೊಂಡು ಹೋಗಿ, ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ.